ವಾಕ್ಯರೂಪದ ಲೆಕ್ಕಗಳೂ ಅರ್ಥಗ್ರಹಣವೂ
(ನವೋದಯ ವಿದ್ಯಾಲಯಗಳ ಪ್ರವೇಶ ಪರೀಕ್ಷೆಯನ್ನು ಕುರಿತು)

ಗಣಿತಕ್ಕೂ ಭಾಷೆಗೂ ಇರುವ ನಂಟೇನು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಶಾಲೆಯ ವೇಳಾಪಟ್ಟಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಅವಧಿಗಳಿವೆ. ಬೇರೆ ಬೇರೆ ಗುರುಗಳಿದ್ದಾರೆ. ಆದರೆ ನಮ್ಮ ಪೂರ್ವಿಕರ ಗಣಿತ ಪರಂಪರೆಯಲ್ಲಿ ಇಂಥ ಭೇದವಿರಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಪದ್ಯಗ್ರಂಥ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯ ಲೆಕ್ಕಗಳೂ ಶ್ಲೋಕಗಳೇ. 12ನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿ ನಾಡವರಿಗೆ ಉಪಕರಿಸಿದನು. ಪದ್ಯದ ಅನ್ವಯವು ತಿಳಿಯದೆ ಅದರೊಳಗಿನ ಲೆಕ್ಕವು ಕೈಗೆ ಸಿಗುವಂತಿರಲಿಲ್ಲ. ಅಂದಿನ ವಿದ್ಯಾರ್ಥಿಯು ಮೊದಲು ಅರ್ಥವನ್ನು ಬಿಡಿಸಿ, ಆ ಮೇಲೆ ಲೆಕ್ಕವನ್ನು ಬಿಡಿಸುತ್ತಿದ್ದನು. ಇಂದಿನ ಪ್ರವೇಶ ಪರೀಕ್ಷೆಗಳಿಗೆ ಸಿದ್ಧರಾಗುವ ಮಕ್ಕಳಿಗೂ ಈ ಕ್ರಮವೇ ಹಿತವಾದುದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪರೀಕ್ಷೆಯ ಸ್ವರೂಪ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಗ್ರಾಮೀಣ ಪ್ರತಿಭೆಗಳಿಗಾಗಿ ಸ್ಥಾಪಿತವಾದ ಜವಾಹರ ನವೋದಯ ವಿದ್ಯಾಲಯಗಳು ಸಹಶಿಕ್ಷಣದ ವಸತಿ ಶಾಲೆಗಳು. ಆರನೆಯ ತರಗತಿಯ ಪ್ರವೇಶಕ್ಕಾಗಿ ಐದನೆಯ ತರಗತಿಯ ಮಕ್ಕಳಿಗೆ ಆಯ್ಕೆ ಪರೀಕ್ಷೆ ನಡೆಯುತ್ತದೆ. ಒಂದು ವಿದ್ಯಾಲಯದಲ್ಲಿ ವರ್ಷಕ್ಕೆ ಗರಿಷ್ಠ 80 ಸ್ಥಾನಗಳು. ಅವುಗಳಲ್ಲಿ ನೂರಕ್ಕೆ 75ರಷ್ಟಾದರೂ ಗ್ರಾಮಾಂತರದ ಮಕ್ಕಳಿಗೆ ಮೀಸಲು. ಈಗಿನ ಕ್ರಮದಂತೆ ಎರಡು ಗಂಟೆಗಳ ಅವಧಿಯಲ್ಲಿ 100 ಅಂಕಗಳಿಗೆ 80 ಪ್ರಶ್ನೆಗಳು: ಮಾನಸಿಕ ಸಾಮರ್ಥ್ಯಕ್ಕೆ 40, ಅಂಕಗಣಿತಕ್ಕೆ 20, ಭಾಷೆಗೆ 20. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದನ್ನು ಆರಿಸಿ ಉತ್ತರ ಹಾಳೆಯಲ್ಲಿ ಗುರುತಿಸಬೇಕು. ಕನ್ನಡದಲ್ಲಿಯೂ ಪರೀಕ್ಷೆಯನ್ನು ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವುದಿಲ್ಲ. ಅಂಕಗಣಿತದ 20 ಪ್ರಶ್ನೆಗಳಿಗೆ ಗೊತ್ತುಪಡಿಸಿದ ಕಾಲ 30 ನಿಮಿಷಗಳು. ಎಂದರೆ ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದುಂಟು: ಆರನೆಯ ತರಗತಿಯ ಈ ಪರೀಕ್ಷೆಗೆ ಒಂದು ಮಗು ಒಮ್ಮೆ ಮಾತ್ರ ಕುಳಿತುಕೊಳ್ಳಬಹುದು. ಮುಂದಿನ ವರ್ಷ ನೋಡೋಣವೆಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ.

ಇಂಥ ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಎಲ್ಲಿ? ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಅವರಿಗೆ ಬರುತ್ತದೆ. ಮಗ್ಗಿಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಅದೇ ಲೆಕ್ಕವು ಎರಡು ಮೂರು ಸಾಲಿನ ವಾಕ್ಯವಾಗಿ ಬಂದಾಗ ಏನನ್ನು ಮಾಡಬೇಕೆಂಬುದು ತೋಚುವುದಿಲ್ಲ. ಇದಕ್ಕೆ ಕನ್ನಡ ವಾಕ್ಯದ ರಚನೆಯಲ್ಲಿಯೂ ಒಂದು ಕಾರಣವಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಅಂಕಿಗಳು ಮೊದಲೇ ಬಂದುಬಿಡುತ್ತವೆ. ಆತುರದ ಮಗುವು ಕ್ರಿಯಾಪದವನ್ನು ಮುಟ್ಟುವ ಮುನ್ನವೇ ಅಂಕಿಗಳನ್ನು ಎತ್ತಿಕೊಂಡು ಕೂಡಲಾರಂಭಿಸುತ್ತದೆ. ಈ ದೋಷವು ಓದಿಗೆ ಸಂಬಂಧಿಸಿದುದು. ಆದುದರಿಂದ ಇದರ ಪರಿಹಾರದಲ್ಲಿ ಕನ್ನಡ ಬೋಧಿಸುವ ಗುರುಗಳಿಗೂ ಪಾಲುಂಟು.

ಶಾಸ್ತ್ರಗ್ರಂಥಗಳನ್ನು ವ್ಯಾಖ್ಯಾನಿಸುವಾಗ ಪ್ರಾಚೀನರು ಐದು ಅಂಗಗಳನ್ನು ಪಾಲಿಸುತ್ತಿದ್ದರು: ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ ಸಮಾಧಾನ. ಒಂದೂವರೆ ನಿಮಿಷದ ಲೆಕ್ಕಕ್ಕೂ ಈ ಐದು ಅಂಗಗಳು ಅನ್ವಯಿಸುತ್ತವೆ.

1. ಪದಚ್ಛೇದ

ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸಿ ನೋಡುವ ಅಭ್ಯಾಸವು ಲೆಕ್ಕದಲ್ಲಿ ಅತ್ಯಗತ್ಯ. ಕನ್ನಡದಲ್ಲಿ ಒಂದು ಪ್ರತ್ಯಯವು ಬದಲಾದರೆ ಲೆಕ್ಕವೇ ಬದಲಾಗುತ್ತದೆ. ‘40 ರೂಪಾಯಿ ಇದ್ದ ಟೊಮೇಟೊ ಬೆಲೆಯು 10 ರೂಪಾಯಿಗೆ ಇಳಿಯಿತು’ ಎಂದರೆ ಈಗಿನ ಬೆಲೆ 10 ರೂಪಾಯಿ. ‘10 ರೂಪಾಯಿಯಷ್ಟು ಇಳಿಯಿತು’ ಎಂದರೆ ಈಗಿನ ಬೆಲೆ 30 ರೂಪಾಯಿ. ಮೊದಲನೆಯದರಲ್ಲಿ ಚತುರ್ಥೀ ವಿಭಕ್ತಿಯು ತಲುಪಿದ ಸ್ಥಾನವನ್ನು ಹೇಳುತ್ತದೆ. ಎರಡನೆಯದರಲ್ಲಿ ‘ಅಷ್ಟು’ ಎಂಬುದು ಇಳಿದ ಪ್ರಮಾಣವನ್ನು ಹೇಳುತ್ತದೆ. ನಾಲ್ಕು ಉತ್ತರಗಳಲ್ಲಿ 10 ಮತ್ತು 30 ಎರಡೂ ಇದ್ದರೆ ವಿಭಕ್ತಿಯನ್ನು ಗಮನಿಸಿದವನೇ ಗೆಲ್ಲುತ್ತಾನೆ.

‘ಉಳಿದುದರಲ್ಲಿ’ ಎಂಬ ಪದವೂ ಇಂಥದೇ. ರೈತನೊಬ್ಬನು ತಾನು ಬೆಳೆದ 60 ಚೀಲ ಜೋಳದಲ್ಲಿ ಮೂರನೆಯ ಒಂದು ಭಾಗವನ್ನು ಮಾರಿ, ಉಳಿದುದರಲ್ಲಿ ನಾಲ್ಕನೆಯ ಒಂದು ಭಾಗವನ್ನು ದಾಸೋಹಕ್ಕೆ ಅರ್ಪಿಸಿದನು. ಅವನಲ್ಲಿ ಉಳಿದ ಚೀಲಗಳೆಷ್ಟು? ಮಾರಿದುದು 20, ಉಳಿದುದು 40. ಈ 40ರ ನಾಲ್ಕನೆಯ ಒಂದು ಭಾಗ 10. ಆದುದರಿಂದ ಉತ್ತರ 30. ‘ಉಳಿದುದರಲ್ಲಿ’ ಎಂಬುದನ್ನು ಗಮನಿಸದ ಮಗುವು 60ರ ನಾಲ್ಕನೆಯ ಒಂದು ಭಾಗವಾದ 15ನ್ನು ಕಳೆದು 25 ಎಂದು ಗುರುತಿಸುತ್ತದೆ. ಮಹಾವೀರಾಚಾರ್ಯನು ಇಡೀ ಮೊತ್ತದ ಭಾಗಗಳನ್ನು ಹೇಳುವ ಲೆಕ್ಕಗಳನ್ನು ಭಾಗಜಾತಿಯೆಂದೂ, ಉಳಿದುದರ ಭಾಗಗಳನ್ನು ಹೇಳುವ ಲೆಕ್ಕಗಳನ್ನು ಶೇಷಜಾತಿಯೆಂದೂ ಬೇರ್ಪಡಿಸಿದ್ದಾನೆ. ಸಾವಿರ ವರ್ಷಗಳ ಹಿಂದೆಯೇ ಎರಡು ಜಾತಿಗಳೆಂದು ಎಣಿಸಿದ ಭೇದವನ್ನು ಇಂದಿನ ಮಗುವಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಸರಿಯಲ್ಲ.

2. ಪದಾರ್ಥೋಕ್ತಿ

ಪಾರಿಭಾಷಿಕ ಪದಗಳ ಅರ್ಥವು ಸ್ಪಷ್ಟವಾಗಿರಬೇಕು. ಮಕ್ಕಳು ಬಹಳವಾಗಿ ತೊಡಕುಗೊಳ್ಳುವುದು ಲ.ಸಾ.ಅ. ಮತ್ತು ಮ.ಸಾ.ಅ.ಗಳಲ್ಲಿ. ಲಘುತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ ಎಂಬ ಈ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆಯೇ ಹೊರತು ಅಪವರ್ತ್ಯಕ್ಕೂ ಅಪವರ್ತನಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳುವುದು ಕಡಿಮೆ. ಅಪವರ್ತನವೆಂದರೆ ಶೇಷವಿಲ್ಲದಂತೆ ಭಾಗಿಸುವ ಸಂಖ್ಯೆ. ಅಪವರ್ತ್ಯವೆಂದರೆ ಹಾಗೆ ಭಾಗಿಸಲ್ಪಡುವ ಸಂಖ್ಯೆ. ಕೊನೆಯ ‘ಯ’ಕಾರವು ಯೋಗ್ಯತೆಯನ್ನು ಸೂಚಿಸುತ್ತದೆ. ಪೂಜಿಸುವವನು ಪೂಜಕ, ಪೂಜೆಗೆ ಯೋಗ್ಯರಾದವರು ಪೂಜ್ಯರು. ಹಾಗೆಯೇ ಭಾಗಿಸುವುದು ಭಾಜಕ, ಭಾಗಿಸಲ್ಪಡುವುದು ಭಾಜ್ಯ. ಗುಣಿಸುವುದು ಗುಣಕ, ಗುಣಿಸಲ್ಪಡುವುದು ಗುಣ್ಯ. ಪೂಜ್ಯ ಪೂಜಕರ ಭೇದವನ್ನು ಬಲ್ಲ ಮಠದ ಶಾಲೆಯ ಮಗುವಿಗೆ ಇದು ಒಮ್ಮೆ ತಿಳಿದರೆ ಮತ್ತೆ ಮರೆಯುವಂತಿಲ್ಲ.

ಇನ್ನು ಒಂದೇ ಪದಕ್ಕೆ ಎರಡು ಅರ್ಥಗಳಿರುವ ಸಂದರ್ಭ. ‘ಮೂರು ಗಂಟೆಗಳು ಕ್ರಮವಾಗಿ 6, 8 ಮತ್ತು 12 ನಿಮಿಷಗಳಿಗೊಮ್ಮೆ ಮೊಳಗುತ್ತವೆ. ಬೆಳಗಿನ 7 ಗಂಟೆಗೆ ಮೂರೂ ಒಟ್ಟಿಗೆ ಮೊಳಗಿದರೆ ಮತ್ತೆ ಒಟ್ಟಿಗೆ ಮೊಳಗುವುದು ಯಾವಾಗ?’ ಇಲ್ಲಿ ಮೊದಲನೆಯ ‘ಗಂಟೆ’ಯು ವಸ್ತು, ಎರಡನೆಯದು ಕಾಲ. ಕಾವ್ಯದಲ್ಲಿ ಶ್ಲೇಷವೆಂದು ಮೆಚ್ಚುವುದು ಪರೀಕ್ಷೆಯಲ್ಲಿ ಮಗುವನ್ನು ದಿಕ್ಕು ತಪ್ಪಿಸಬಹುದು. ಮೂರೂ ಗಂಟೆಗಳು ಕೂಡುವ ಹೊತ್ತು 6, 8, 12 ಈ ಮೂರರಿಂದಲೂ ಭಾಗವಾಗಬೇಕು. ಆದುದರಿಂದ ಬೇಕಾದುದು ಅಪವರ್ತ್ಯ. ಅಂಥ ಅತಿ ಚಿಕ್ಕ ಸಂಖ್ಯೆ 24. ಉತ್ತರ 7 ಗಂಟೆ 24 ನಿಮಿಷ. ಅಪವರ್ತನವನ್ನು ಹಿಡಿದವನಿಗೆ 7 ಗಂಟೆ 2 ನಿಮಿಷವೆಂದೂ, ಮೂರನ್ನೂ ಕೂಡಿದವನಿಗೆ 7 ಗಂಟೆ 26 ನಿಮಿಷವೆಂದೂ ಬರುತ್ತದೆ.

3. ವಿಗ್ರಹ

ಸಮಾಸವನ್ನು ಬಿಡಿಸಿ ಹೇಳುವುದೇ ವಿಗ್ರಹ. ಸುತ್ತಳತೆ ಎಂದರೆ ಸುತ್ತಿನ ಅಳತೆ. ಅದು ಅಂಚಿನ ಉದ್ದ. ವಿಸ್ತೀರ್ಣವೆಂಬುದು ಸಮಾಸವಲ್ಲವಾದರೂ ಅದರ ಧಾತ್ವರ್ಥವನ್ನು ಹೇಳಬೇಕು: ಹರಡಿಕೊಂಡುದು; ಅದು ನೆಲದ ವ್ಯಾಪ್ತಿ. ಬೇಲಿಯು ಅಂಚಿಗೆ ಬೇಕು, ಹಾಸುಗಲ್ಲು ನೆಲಕ್ಕೆ ಬೇಕು. 30 ಮೀಟರ್ ಉದ್ದ, 20 ಮೀಟರ್ ಅಗಲದ ತೋಟಕ್ಕೆ ಮೂರು ಸುತ್ತು ತಂತಿಬೇಲಿ ಹಾಕಲು ಬೇಕಾದ ತಂತಿ ಎಷ್ಟು ಎಂಬ ಪ್ರಶ್ನೆಗೆ 600, 100, 150, 300 ಎಂಬ ನಾಲ್ಕು ಉತ್ತರಗಳನ್ನು ಕೊಟ್ಟರೆ, 600 ಎಂಬುದು ವಿಸ್ತೀರ್ಣದ ಅಂಕಿ. 100 ಎಂಬುದು ಒಂದೇ ಸುತ್ತಿನದು. 150 ಎಂಬುದು ಉದ್ದ ಅಗಲಗಳನ್ನು ಒಮ್ಮೊಮ್ಮೆ ಮಾತ್ರ ಕೂಡಿ ಮೂರರಿಂದ ಗುಣಿಸಿದುದು. ಸರಿಯಾದುದು 300 ಮೀಟರ್.

4. ವಾಕ್ಯಯೋಜನೆ

ಪದಗಳನ್ನು ಅರ್ಥಾನುಗುಣವಾಗಿ ಜೋಡಿಸಿಕೊಳ್ಳುವುದೇ ಅನ್ವಯ. ಯಾವುದು ಗೊತ್ತು, ಯಾವುದು ಗೊತ್ತಿಲ್ಲ, ಯಾವುದನ್ನು ಕೇಳಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದಾಗ ಅನ್ವಯವು ಮುಗಿಯಿತೆಂದು ತಿಳಿಯಬೇಕು. ಈ ಲೆಕ್ಕವನ್ನು ನೋಡಬಹುದು: ‘ಗಿರಿಜೆಯ ಬಳಿ 48 ಹುಣಸೆ ಬೀಜಗಳಿವೆ. ಅವು ನೀಲಮ್ಮನ ಬಳಿ ಇರುವುದಕ್ಕಿಂತ 15 ಹೆಚ್ಚು. ಇಬ್ಬರ ಬಳಿಯೂ ಸೇರಿ ಒಟ್ಟು ಎಷ್ಟು?’ ಉತ್ತರಗಳು: (ಅ) 63 (ಆ) 33 (ಇ) 111 (ಈ) 81.

‘ಹೆಚ್ಚು’ ಎಂದೊಡನೆ ಕೂಡಬೇಕೆಂಬುದು ಮಕ್ಕಳ ರೂಢಿ. ಅನ್ವಯ ಮಾಡಿದರೆ ‘ಅವು’ ಎಂಬ ಸರ್ವನಾಮವು ಗಿರಿಜೆಯ ಬೀಜಗಳನ್ನು ಹೇಳುತ್ತದೆಂದೂ, ನೀಲಮ್ಮನಲ್ಲಿರುವುದು ಕಡಿಮೆಯೆಂದೂ ತಿಳಿಯುತ್ತದೆ. ನೀಲಮ್ಮನವು 33, ಇಬ್ಬರವೂ ಸೇರಿ 81. ಈ ನಾಲ್ಕು ಉತ್ತರಗಳನ್ನು ಪರಿಶೀಲಿಸಿದರೆ ಪ್ರಶ್ನೆಗಾರನ ಮರ್ಮವು ಬೆಳಕಿಗೆ ಬರುತ್ತದೆ. 63 ಎಂಬುದು ಕಂಡ ಎರಡು ಅಂಕಿಗಳನ್ನು ಕೂಡಿದವನಿಗೆ. 33 ಎಂಬುದು ಅರ್ಧ ದಾರಿಯಲ್ಲಿ ನಿಂತವನಿಗೆ. 111 ಎಂಬುದು ಹೆಚ್ಚು ಕಡಿಮೆಗಳನ್ನು ಅದಲುಬದಲು ಮಾಡಿ ಮುಂದುವರಿದವನಿಗೆ. ಒಳ್ಳೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಉತ್ತರಗಳು ಮನಸ್ಸಿಗೆ ಬಂದ ಅಂಕಿಗಳಾಗಿರುವುದಿಲ್ಲ; ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳ ಫಲಗಳೇ ಅಲ್ಲಿ ಕಾದು ಕುಳಿತಿರುತ್ತವೆ. ಆದುದರಿಂದ ‘ನನಗೆ ಬಂದ ಉತ್ತರವು ಕೊಟ್ಟ ನಾಲ್ಕರಲ್ಲಿ ಇದೆ, ಆದುದರಿಂದ ಸರಿ’ ಎಂಬ ವಾದವು ನಿಲ್ಲುವುದಿಲ್ಲ.

ಅನ್ವಯಕ್ಕೆ ನೆರವಾಗುವ ಪ್ರಾಚೀನ ಸಾಧನವೆಂದರೆ ತ್ರೈರಾಶಿಕ. ‘5 ಕಿಲೋ ಬೆಲ್ಲಕ್ಕೆ 300 ರೂಪಾಯಿಯಾದರೆ 8 ಕಿಲೋಗೆ ಎಷ್ಟು?’ ಇಲ್ಲಿ 5 ಕಿಲೋ ಪ್ರಮಾಣ, 300 ರೂಪಾಯಿ ಫಲ, 8 ಕಿಲೋ ಇಚ್ಛೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 480 ರೂಪಾಯಿ. ಆದರೆ ಇಚ್ಛೆಯು ಹೆಚ್ಚಿದಂತೆ ಫಲವು ಕಡಿಮೆಯಾಗುವ ಲೆಕ್ಕಗಳೂ ಉಂಟು. ಅವನ್ನು ವ್ಯಸ್ತ ತ್ರೈರಾಶಿಕವೆಂದು ಕರೆದರು. 8 ಆಳುಗಳು 6 ದಿನಗಳಲ್ಲಿ ಕಳೆ ಕೀಳುವ ಹೊಲವನ್ನು 12 ಆಳುಗಳು ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಉತ್ತರಗಳು 3, 4, 9, 16 ಎಂದಿರಲಿ. ಆಳು ಹೆಚ್ಚಿದರೆ ದಿನ ಕಡಿಮೆಯೆಂಬುದು ಹೊಲವನ್ನು ಕಂಡ ಮಗುವಿಗೆ ಗೊತ್ತು; ಆದುದರಿಂದ 9 ಮತ್ತು 16 ಆಗಲೇ ಬಿದ್ದುಹೋದವು. 3 ದಿನಗಳಾಗಬೇಕಾದರೆ ಆಳುಗಳು ಇಮ್ಮಡಿಯಾಗಿ 16 ಆಗಬೇಕಿತ್ತು. ಉಳಿದುದು 4. ಎಂಟಾರಲಿ ನಲವತ್ತೆಂಟನ್ನು 12ರಿಂದ ಭಾಗಿಸಿದರೂ ಅದೇ ಬರುತ್ತದೆ.

5. ಆಕ್ಷೇಪ ಸಮಾಧಾನ

ಬಂದ ಉತ್ತರವನ್ನು ತಾನೇ ಆಕ್ಷೇಪಿಸಿ ಪರೀಕ್ಷಿಸುವುದು ಕೊನೆಯ ಅಂಗ. ನಾಲ್ಕು ಉತ್ತರಗಳನ್ನು ಕೊಟ್ಟಿರುವ ಪರೀಕ್ಷೆಯಲ್ಲಿ ಇದಕ್ಕೆ ವಿಶೇಷ ಅನುಕೂಲವಿದೆ. ‘ಒಂದು ಸಂಖ್ಯೆಯ ಮೂರು ಪಟ್ಟಿಗೆ 7 ಕೂಡಿದರೆ 52 ಆಗುತ್ತದೆ; ಆ ಸಂಖ್ಯೆ ಯಾವುದು?’ ಉತ್ತರಗಳು 13, 15, 17, 19. ಒಂದೊಂದನ್ನೇ ಒರೆಗೆ ಹಚ್ಚಿದರೆ 13ರ ಮೂರು ಪಟ್ಟು 39, ಅದಕ್ಕೆ 7 ಕೂಡಿದರೆ 46, ಸಾಲದು. 15ರ ಮೂರು ಪಟ್ಟು 45, ಅದಕ್ಕೆ 7 ಕೂಡಿದರೆ 52, ಸರಿಹೋಯಿತು. ಮತ್ತೊಂದು ಉಪಾಯವು ಬಿಡಿ ಸ್ಥಾನದ ಅಂಕಿಯನ್ನು ನೋಡುವುದು. 37 ರೂಪಾಯಿಯ 24 ಪುಸ್ತಕಗಳ ಬೆಲೆಗೆ 874, 882, 888, 896 ಎಂದು ಉತ್ತರಗಳಿದ್ದರೆ, ನಾಲ್ಕೇಳಲಿ ಇಪ್ಪತ್ತೆಂಟಾದುದರಿಂದ ಕೊನೆಯ ಅಂಕಿ 8 ಆಗಲೇಬೇಕು. ಅಂಥದು 888 ಒಂದೇ. ತಪ್ಪಿಗೆ ಅಂಕವನ್ನು ಕಳೆಯದಿರುವುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂಬುದು ನಿಜ. ಆದರೆ ಊಹೆಯು ಕೊನೆಯ ಆಶ್ರಯವಾಗಿರಬೇಕು. ಇಬ್ಬರನ್ನು ಹೊರಗಿಟ್ಟು ಉಳಿದಿಬ್ಬರಲ್ಲಿ ಒಬ್ಬನನ್ನು ಆರಿಸುವುದಕ್ಕೂ, ಕಣ್ಣು ಮುಚ್ಚಿ ನಾಲ್ವರಲ್ಲಿ ಒಬ್ಬನನ್ನು ಮುಟ್ಟುವುದಕ್ಕೂ ಬಹಳ ಅಂತರವುಂಟು.

ಒಂದು ಶಂಕೆ

ಶ್ರೀಮಠದ ಶಾಲೆಯು ಬೇರೊಂದು ವಿದ್ಯಾಲಯದ ಪ್ರವೇಶಕ್ಕಾಗಿ ಮಕ್ಕಳನ್ನು ಸಿದ್ಧಗೊಳಿಸುವುದು ಉಚಿತವೇ ಎಂದು ಕೆಲವರು ಕೇಳಬಹುದು. 80 ಸ್ಥಾನಗಳಿಗೆ ಜಿಲ್ಲೆಯ ಎಲ್ಲ ಭಾಗಗಳಿಂದಲೂ ಮಕ್ಕಳು ಬರುವಾಗ, ಸಿದ್ಧರಾದವರಲ್ಲಿ ಹೆಚ್ಚಿನವರು ಆಯ್ಕೆಯಾಗದೆ ಇಲ್ಲಿಯೇ ಉಳಿಯುತ್ತಾರೆ. ಹತ್ತು ವರ್ಷದ ಕೂಸಿನ ಮನಸ್ಸಿಗೆ ಅದು ಸಣ್ಣ ಪೆಟ್ಟಲ್ಲ. ಅಭ್ಯಾಸವು ಉತ್ತರ ಹಾಳೆಯ ಚುಕ್ಕೆಗಳನ್ನು ತುಂಬುವ ಜಾಣ್ಮೆಯಷ್ಟೇ ಆಗಿದ್ದರೆ, ಆ ಪೆಟ್ಟಿನ ಜೊತೆಗೆ ವರ್ಷವೂ ವ್ಯರ್ಥವಾದಂತೆ. ಅರ್ಥಗ್ರಹಣವನ್ನೇ ಕಲಿಸಿದ್ದರೆ ಆಯ್ಕೆಯಾಗದ ಮಗುವಿಗೂ ಅದು ಉಳಿಯುತ್ತದೆ.

ಅದರ ಬೆಲೆಯು ಶಾಲೆಯ ಹೊರಗೆ ತಿಳಿಯುತ್ತದೆ. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದು ಹೇಳಿ ಕೈಸಾಲ ಕೊಡುವುದು ಹಳ್ಳಿಗಳಲ್ಲಿ ವಾಡಿಕೆ. ಬಾಯಲ್ಲಿ ಹೇಳದೆ ಬಿಟ್ಟ ಪದವೊಂದು ಅಲ್ಲಿದೆ: ‘ತಿಂಗಳಿಗೆ’. ಹತ್ತು ಸಾವಿರ ರೂಪಾಯಿಗೆ ವರ್ಷಕ್ಕೆ 200 ಎಂದು ಭಾವಿಸಿದವನು ಕೊಡಬೇಕಾದುದು 2,400; ವರ್ಷದ ದರವು ನೂರಕ್ಕೆ 24. ಇಲ್ಲಿ ಗುಣಾಕಾರವು ಯಾರನ್ನೂ ಸೋಲಿಸಲಿಲ್ಲ. ಅಧ್ಯಾಹಾರವಾಗಿದ್ದ ಒಂದು ಪದವು ಸೋಲಿಸಿತು. ಯಾವ ಕಾಲಕ್ಕೆ, ಯಾವುದರ ಮೇಲೆ ಎಂದು ಕೇಳಲು ಕಲಿತ ಹುಡುಗಿಯು ತನ್ನ ತಂದೆಯ ಸಾಲಪತ್ರವನ್ನು ಓದಬಲ್ಲಳು.

ಶಾಲೆಯಲ್ಲಿ ಆಗಬೇಕಾದುದು

ಇದಕ್ಕೆ ಹೆಚ್ಚಿನ ವೆಚ್ಚವಾಗಲಿ ಹೊಸ ಪುಸ್ತಕಗಳಾಗಲಿ ಬೇಕಿಲ್ಲ. ವಾರಕ್ಕೊಂದು ಕನ್ನಡದ ಅವಧಿಯನ್ನು ವಾಕ್ಯರೂಪದ ಲೆಕ್ಕಗಳಿಗೆ ಮೀಸಲಿಟ್ಟು, ಗಣಿತದ ಗುರುಗಳೂ ಕನ್ನಡದ ಗುರುಗಳೂ ಕೂಡಿ ನಡೆಸಿದರೆ ಸಾಕು. ಮೊದಲನೆಯದಾಗಿ, ಲೆಕ್ಕವನ್ನು ಓದಿದ ಮಗುವು ಅಂಕಿಗಳನ್ನು ಬಿಟ್ಟು ಅದರ ಕಥೆಯನ್ನು ತನ್ನ ಮಾತಿನಲ್ಲಿ ಹೇಳಬೇಕು. ‘ಒಬ್ಬ ರೈತ ಸ್ವಲ್ಪ ಮಾರಿದ, ಉಳಿದುದರಲ್ಲಿ ಸ್ವಲ್ಪ ಕೊಟ್ಟ, ಕೊನೆಗೆ ಎಷ್ಟು ಉಳಿಯಿತು ಎಂದು ಕೇಳಿದ್ದಾರೆ’ ಎಂದು ಹೇಳಬಲ್ಲ ಮಗುವಿಗೆ ಲೆಕ್ಕವು ಮುಕ್ಕಾಲು ಪಾಲು ಮುಗಿದಂತೆ. ಎರಡನೆಯದಾಗಿ, ಪ್ರಶ್ನೆಯ ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಕೇಳಿದುದರ ಕೆಳಗೆ ಗೆರೆ ಎಳೆಯುವ ರೂಢಿಯಾಗಬೇಕು. ಮೂರನೆಯದಾಗಿ, ಮಕ್ಕಳೇ ಒಂದು ಲೆಕ್ಕವನ್ನು ರಚಿಸಿ, ಒಂದು ಸರಿ ಉತ್ತರವನ್ನೂ ಮೂರು ತಪ್ಪು ಉತ್ತರಗಳನ್ನೂ ಕೊಟ್ಟು, ಪ್ರತಿಯೊಂದು ತಪ್ಪೂ ಹೇಗೆ ಬಂದಿತೆಂದು ವಿವರಿಸಬೇಕು. ಬಲೆ ಹೆಣೆಯಲು ಕಲಿತವನು ಬಲೆಗೆ ಬೀಳುವುದು ಕಡಿಮೆ.

ಬ್ಯಾಂಕು, ಅಂಚೆ ಕಚೇರಿ, ಸಹಕಾರ ಸಂಘಗಳಲ್ಲಿ ಸೇವೆ ಸಲ್ಲಿಸುತ್ತಿರುವ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ದಿನ ಬಂದು, ತಮ್ಮ ಕೆಲಸದಲ್ಲಿ ಬರುವ ನಿಜವಾದ ಲೆಕ್ಕಗಳನ್ನು ಮಕ್ಕಳ ಮುಂದಿಡಬಹುದು. ದಾನಿಗಳು ಕಟ್ಟಡಕ್ಕೆ ಕೊಡುವ ದೇಣಿಗೆಯಲ್ಲಿ ಅಲ್ಪಾಂಶವನ್ನು ಹಳೆಯ ಪ್ರಶ್ನೆಪತ್ರಿಕೆಗಳ ಪ್ರತಿಗಳಿಗೂ, ಮಾದರಿ ಉತ್ತರ ಹಾಳೆಗಳಿಗೂ, ಮಕ್ಕಳು ಬರೆದು ಅಳಿಸುವ ಕಾಗದಕ್ಕೂ ಎತ್ತಿಟ್ಟರೆ ಅಕ್ಷರ ದಾಸೋಹವು ಅಂಕೆಯನ್ನೂ ಒಳಗೊಂಡಂತಾಗುತ್ತದೆ. ಮುಂದಿನ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳು ಈಗ ನಾಲ್ಕನೆಯ ತರಗತಿಯಲ್ಲಿದ್ದಾರೆ. ಈ ವರ್ಷದಿಂದಲೇ ಆರಂಭಿಸಿದರೆ ಅವರಿಗೆ ಸಾಕಷ್ಟು ಕಾಲವಿದೆ.